ಬೂಷ್ಟು ಹಿಡಿಯದ ಒಂದು ಓದುವ ಕೋಣೆಗಾಗಿ

ಆತ್ಮೀಯರೇ,

ಮಡಿಕೇರಿ ಕಡೆಯ ನಮ್ಮ ಸಣ್ಣ ಶಾಲೆಗೆ ಬೆಳಗ್ಗೆ ಬಂದರೆ ಮೊದಲು ಕಿವಿಗೆ ಬೀಳುವುದು ಮಗ್ಗಿ. ಆಮೇಲೆ ಕಾಗುಣಿತ, ಪದ್ಯ. ಆರೇಳು ವರ್ಷದ ಮಕ್ಕಳಿಗೆ ಅದು ಆಟವೇ. ಬಾಯಿಪಾಠ ಎಂದರೆ ಮೂಗು ಮುರಿಯುವವರು ಒಮ್ಮೆ ಬಂದು ಕೇಳಬೇಕು. ಅಲ್ಲ, ಕೊಡಗಿನವರಿಗೆ ಇದನ್ನು ಬೇರೆ ಹೇಳಬೇಕಾ? ದುಡಿ ಬಾರಿಸುತ್ತಾ ಹಾಡುವ ನಮ್ಮ ಕೊಡವ ಹಾಡುಗಳು, ದುಡಿಕೊಟ್ಟ್ ಪಾಟ್‌ಗಳು, 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಅಚ್ಚಿಗೆ ತರುವವರೆಗೂ ನಾಲಿಗೆಯ ಮೇಲೇ ಬದುಕಿದ್ದವು.

ಹಳೆಯ ಯುರೋಪಿನ ಶಾಲೆಗಳಲ್ಲಿ ವ್ಯಾಕರಣ, ತರ್ಕ, ಮಾತುಗಾರಿಕೆ ಅಂತ ಮೂರು ಮೆಟ್ಟಿಲು. ಅದಕ್ಕೆ ಟ್ರಿವಿಯಂ ಎಂದು ಹೆಸರು. 1947ರಲ್ಲಿ ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್ ಆಕ್ಸ್‌ಫರ್ಡ್‌ನಲ್ಲಿ ಮಾತಾಡುತ್ತಾ ಈ ಮೂರನ್ನೂ ಮಕ್ಕಳ ವಯಸ್ಸಿಗೆ ಜೋಡಿಸಿದರು: ಗಿಳಿಯ ವಯಸ್ಸು, ಎದುರುತ್ತರದ ವಯಸ್ಸು, ಕವಿತೆಯ ವಯಸ್ಸು. ಅವರು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದವರು, ಮಕ್ಕಳ ಜಾಡೂ ಸರಿಯಾಗೇ ಹಿಡಿದಿದ್ದಾರೆ.

ನಾವು ಕಲಿಸುವುದೂ ಇದೇ ಮೆಟ್ಟಿಲುಗಳಲ್ಲಿ. ಕಷ್ಟ ಆಗಿರುವುದು ನಡುವಿನ ಮೆಟ್ಟಿಲಲ್ಲಿ. ಗಿಳಿಗಳಿಗೆ ಒಬ್ಬ ಟೀಚರ್, ಒಂದು ಜಗಲಿ ಸಾಕು. ಹನ್ನೊಂದು ಹನ್ನೆರಡು ವರ್ಷದವರಿಗೆ ಅದು ಸಾಲದು. ಮೊನ್ನೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ತಲಕಾವೇರಿಯ ಕುಂಡಿಕೆಯಲ್ಲಿ ಇರುವುದು ಅಷ್ಟೇ ಅಷ್ಟು ನೀರು. ಅಷ್ಟು ದೊಡ್ಡ ಹೊಳೆ ಎಲ್ಲಿಂದ ಬಂತು?"

ಉತ್ತರ ಹೇಳಿಬಿಡಬಹುದಿತ್ತು. ಭಾಗಮಂಡಲದಲ್ಲಿ ಕಾವೇರಿಗೆ ಕನ್ನಿಕೆ ಹೊಳೆ ಸೇರುತ್ತದೆ, ಮುಂದೆ ಹಾರಂಗಿ, ಇನ್ನೂ ಮುಂದೆ ಲಕ್ಷ್ಮಣತೀರ್ಥ. ಆದರೆ ಈ ವಯಸ್ಸಿನವರು ತಾವೇ ಹುಡುಕಬೇಕು, ನಮ್ಮ ಜೊತೆ ಜಗಳ ಆಡಬೇಕು. "ಅಟ್ಲಾಸ್ ತೆಗೆದು ನೋಡು" ಅಂದೆವು. ತಂದಳು. ಕೊಡಗಿನ ಪುಟಕ್ಕೇ ಬೂಷ್ಟು ಹಿಡಿದಿತ್ತು.

ಪುಸ್ತಕ ಇಟ್ಟಿರುವ ಕೋಣೆ ಮೂರು ಮಳೆಗಾಲದಿಂದ ಸೋರುತ್ತಿದೆ. ನಮ್ಮ ಮಳೆಯ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಮಾಡು, ಅಂದರೆ ಛಾವಣಿ, ಬದಲಿಸಬೇಕು, ಗೋಡೆಗೆ ತಾಗದ ಹಾಗೆ ರ‍್ಯಾಕ್ ನಿಲ್ಲಿಸಬೇಕು, ನಿಘಂಟು, ಅಟ್ಲಾಸ್, ಇತಿಹಾಸ ಮತ್ತು ವಿಜ್ಞಾನದ ಪುಸ್ತಕ ಕೊಳ್ಳಬೇಕು.

500 ರೂಪಾಯಿ ಕೊಟ್ಟರೂ ಸಂತೋಷ. ತೋಟ ಇರುವವರು ಸಿಲ್ವರ್ ಓಕ್ ಮರದ ಹಲಗೆ ಕೊಟ್ಟರೆ ರ‍್ಯಾಕ್ ಇಲ್ಲೇ ಮಾಡಿಸುತ್ತೇವೆ. ಓದಿದ ಪುಸ್ತಕ ಕಳಿಸಬಹುದು. ಪರೀಕ್ಷೆ ಗೈಡು ಮಾತ್ರ ದಯವಿಟ್ಟು ಬೇಡ, ಅದು ಈಗಾಗಲೇ ಜಾಸ್ತಿ ಇದೆ.

ಮೇ ಮುಗಿಯುವುದರೊಳಗೆ ಮಾಡಿನ ಕೆಲಸ ಆಗಬೇಕು. ದುಡ್ಡಿಗೂ ಹಲಗೆಗೂ ಶಾಲೆಯ ಆಫೀಸಿನಲ್ಲಿ ರಸೀದಿ ಕೊಡುತ್ತೇವೆ. ಶನಿವಾರ ಬಂದರೆ ಆ ಹುಡುಗಿಯೇ ಕೋಣೆ ತೋರಿಸುತ್ತಾಳೆ. ಪ್ರಶ್ನೆ ಕೇಳಿಯೇ ಕೇಳುತ್ತಾಳೆ, ತಯಾರಾಗಿ ಬನ್ನಿ.

ಇಂತಿ,
ಶಾಲೆಯ ಟ್ರಸ್ಟಿನ ಪರವಾಗಿ