ಮುಯ್ಯಾಳಿನ ಪದ್ಧತಿ ಆಫೀಸಿಗೂ ಬರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕೆಲಸಕ್ಕೆ ಹೋಗುವವರ ದಿನಚರಿ ಹೇಗಿರಬೇಕು ಅಂತ ಬಂದ ಲೇಖನ ಓದಿದೆ. ಬೆಳಿಗ್ಗೆ ಐದಕ್ಕೆ ಏಳಿ, ರಾತ್ರಿಯೇ ಪಟ್ಟಿ ಬರೆದಿಡಿ, ಮನಸ್ಸು ಗಟ್ಟಿ ಮಾಡಿ ಅಂತೆಲ್ಲ ಇತ್ತು. ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಇಪ್ಪತ್ತು ವರ್ಷದಿಂದ ಇದೇ ಮಾತು ಕೇಳಿ, ಪ್ರತಿ ಸಲವೂ ಮಾಡಲು ಹೋಗಿ, ನಾಲ್ಕನೇ ದಿನಕ್ಕೆ ಕೈಬಿಟ್ಟು, ನನ್ನಲ್ಲೇ ಏನೋ ದೋಷ ಇದೆ ಅಂತ ಅತ್ತವಳು ನಾನು. ನಿಮ್ಮ ಓದುಗರಲ್ಲಿ ನನ್ನಂಥವರು ಇನ್ನೂ ಇದ್ದಾರೆ. ಅವರಿಗಾಗಿ ಈ ಪತ್ರ.

ನನಗೆ ಎಡಿಎಚ್‌ಡಿ ಇದೆ. ಅಂದರೆ ಗಮನ ಬೇಕಾದ ಕಡೆ ನಿಲ್ಲದಿರುವ, ಚಿಕ್ಕಂದಿನಿಂದಲೇ ಇರುವ ತೊಂದರೆ. ಗೊತ್ತಾಗಿದ್ದು ಮೂವತ್ತೇಳನೇ ವಯಸ್ಸಿನಲ್ಲಿ, ಮಗನನ್ನು ಶಿವಮೊಗ್ಗದಲ್ಲಿ ಮನೋವೈದ್ಯರಿಗೆ ತೋರಿಸಲು ಹೋದಾಗ. ಅವನ ಬಗ್ಗೆ ಅವರು ಕೇಳಿದ ಒಂದೊಂದು ಪ್ರಶ್ನೆಗೂ ನನಗೆ ನನ್ನ ಬಾಲ್ಯವೇ ನೆನಪಾಗುತ್ತಿತ್ತು. ದೊಡ್ಡವರಲ್ಲಿ ಇದನ್ನು ಗುರುತಿಸಬೇಕಾದರೆ 12 ವರ್ಷಕ್ಕೆ ಮುಂಚೆಯೇ ಲಕ್ಷಣ ಇತ್ತಾ ಅಂತ ನೋಡುತ್ತಾರೆ. ಹಾಗಾಗಿ ತವರಿಗೆ ಹೋಗಿ ಅಮ್ಮನ ಟ್ರಂಕಿನಿಂದ ಐದನೇ ಕ್ಲಾಸಿನ ಅಂಕಪಟ್ಟಿ ತೆಗೆದು ತಂದೆ. ಅಂಚೆಲ್ಲ ಗೆದ್ದಲು ತಿಂದಿತ್ತು. ಕೆಳಗೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಬುದ್ಧಿ ಇದೆ, ಗಮನ ಇಲ್ಲ. ಕಿಟಕಿ ಆಚೆ ನೋಡುತ್ತಾಳೆ.' ಡಾಕ್ಟರು ಅದನ್ನು ಎರಡು ಸಲ ಓದಿದರು. ಓಡಾಡಿ ಗಲಾಟೆ ಮಾಡುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಸುಮ್ನೆ ಕೂತು ಮಳೆ ನೋಡುವ ಹುಡುಗಿ ಯಾರ ಕಣ್ಣಿಗೂ ಬೀಳಲ್ಲ, ಅಲ್ವಾ?

ಇದು ಸೋಮಾರಿತನ ಅಲ್ಲ. ಕೆಲಸ ಶುರು ಮಾಡೋದು, ಹೊತ್ತು ಎಷ್ಟಾಯಿತು ಅನ್ನೋ ಅಂದಾಜು, ಕೇಳಿದ್ದನ್ನು ಮುಗಿಯುವವರೆಗೆ ತಲೆಯಲ್ಲಿ ಹಿಡಿದಿಡೋದು, ಇವೆಲ್ಲ ನಮ್ಮ ಮಿದುಳಿನಲ್ಲಿ ಬೇರೆ ಥರ ನಡೆಯುತ್ತವೆ. ಎಡಿಎಚ್‌ಡಿ, ಆಟಿಸಂ, ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಇರುವವರನ್ನೆಲ್ಲ ಸೇರಿಸಿ ಈಗ ನ್ಯೂರೋಡೈವರ್ಜೆಂಟ್, ಅಂದರೆ ಮಿದುಳು ಬೇರೆ ಥರ ನಡೆಯುವವರು, ಅನ್ನುತ್ತಾರೆ. ಒಬ್ಬೊಬ್ಬರ ಕಷ್ಟ ಒಂದೊಂದು ಥರ. ನಾನು ನನ್ನದನ್ನಷ್ಟೇ ಹೇಳಬಲ್ಲೆ.

ನನ್ನದು ಲೆಕ್ಕ ಬರೆಯುವ ಕೆಲಸ. ಮಂಡಗದ್ದೆ ಕಡೆಯಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಹೋಗುತ್ತೇನೆ. ತಿಂಗಳ 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ, ಹೀಗೆ ತೆರಿಗೆಯ ಎರಡು ರಿಟರ್ನ್ ಸರ್ಕಾರಕ್ಕೆ ಹೋಗಬೇಕು. ಇದಕ್ಕೆ ಮುಂಚೆ ಕೆಲಸ ಮಾಡುತ್ತಿದ್ದ ಕಡೆ ಒಂದು ಸಲ 3ಬಿ ತಡವಾಗಿ, ದಿನಕ್ಕೆ 50 ರೂಪಾಯಿಯ ತಡಶುಲ್ಕ, ಮೇಲೆ ಬಡ್ಡಿ ಬಿತ್ತು. ಬಿಲ್ಲುಗಳೆಲ್ಲ ಮೇಜಿನ ಮೇಲಿದ್ದವು. ಕಂಪ್ಯೂಟರ್ ಆನ್ ಇತ್ತು. ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಎದ್ದಿರಲಿಲ್ಲ, ಊಟವೂ ಮಾಡಿರಲಿಲ್ಲ, ಆದರೂ ಕೈ ಹೋಗಲಿಲ್ಲ. ಯಜಮಾನರು ಎಲ್ಲರೆದುರು 'ಸಂಬಳ ತಗೊಳ್ಳೋಕೆ ಮಾತ್ರ ಮರೆಯಲ್ಲ ನೀನು' ಅಂದರು. ಆ ಕೆಲಸ ಬಿಟ್ಟೆ.

ಈಗ ನನಗೆ ಏನು ಸಹಾಯ ಆಯಿತು ಅಂತ ಹೇಳಬೇಕಾದರೆ ನಮ್ಮ ತವರಿನ ಅಂಗಳಕ್ಕೆ ಹೋಗಬೇಕು. ಅಡಿಕೆ ಗೊನೆ ಕೊಯ್ಯುವ ಕಾಲದಲ್ಲಿ ರಾತ್ರಿ ಅದನ್ನು ಸುಲಿಯೋಕೆ ಅಕ್ಕಪಕ್ಕದ ಮನೆಯವರೆಲ್ಲ ಬರುತ್ತಿದ್ದರು. ಇವತ್ತು ನಮ್ಮನೆಗೆ, ನಾಳೆ ಅವರ ಮನೆಗೆ, ಮುಯ್ಯಾಳು. ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತರೆ ಮಾತು, ಹಾಡು, ನಡುವೆ ಒಂದು ಲೋಟ ಬಿಸಿ ಕಾಫಿ. ಮನೆಪಾಠದ ಪುಸ್ತಕದ ಮುಂದೆ ಹತ್ತು ನಿಮಿಷ ಕೂರದ ನಾನು ಅಲ್ಲಿ ಮೂರು ತಾಸು ಕೂತು, ದೊಡ್ಡವರ ಸಮಕ್ಕೆ ಡಬ್ಬ ತುಂಬಿಸುತ್ತಿದ್ದೆ. 'ಇವಳಿಗೆ ಓದೋಕೆ ಮಾತ್ರ ಆಗಲ್ಲ' ಅಂತ ಅಜ್ಜಿ ಹೇಳುತ್ತಿದ್ದರು. ಪಕ್ಕದಲ್ಲಿ ಇನ್ನೊಬ್ಬರು ತಮ್ಮ ಕೆಲಸ ಮಾಡ್ತಾ ಇದ್ದರೆ ನನ್ನ ಕೈ ತಾನಾಗಿ ಓಡುತ್ತದೆ ಅನ್ನೋದು ಆಗ ಯಾರಿಗೂ ಹೊಳೆಯಲಿಲ್ಲ. ಈಗ ಇದಕ್ಕೆ ಬಾಡಿ ಡಬ್ಲಿಂಗ್ ಅಂತ ಹೆಸರಿದೆ.

ಅದನ್ನೇ ಈಗ ಬೇಕೆಂದು ಮಾಡಿಕೊಂಡಿದ್ದೇನೆ. ಪ್ರತಿ ತಿಂಗಳು 8ನೇ ತಾರೀಖು ಸಂಜೆ ಸಾಗರದಲ್ಲಿರುವ ತಂಗಿ ಫೋನ್ ಮಾಡುತ್ತಾಳೆ. ಸ್ಪೀಕರ್ ಹಾಕಿಟ್ಟು ಅವಳು ಶಾಲೆಯ ಉತ್ತರಪತ್ರಿಕೆ ತಿದ್ದುತ್ತಾಳೆ, ನಾನು ಬಿಲ್ಲುಗಳನ್ನು ತಾಳೆ ನೋಡುತ್ತೇನೆ. ಮಾತು ಜಾಸ್ತಿ ಇರಲ್ಲ. ಅವಳ ಪೆನ್ನಿನ ಸದ್ದು, ಆಗಾಗ 'ಎಲ್ಲಿಗೆ ಬಂತೇ ಅಕ್ಕಾ?' ಅನ್ನೋ ಒಂದು ಪ್ರಶ್ನೆ, ಅಷ್ಟೇ. ಎರಡು ವರ್ಷದಲ್ಲಿ ಒಂದು ಸಲವೂ ತಡಶುಲ್ಕ ಕಟ್ಟಿಲ್ಲ.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನುವ ಪೊಮೊಡೊರೊ ಪದ್ಧತಿ ತುಂಬಾ ಜನರಿಗೆ ಹಿಡಿಸುತ್ತದೆ. ನನಗೆ ಹಿಡಿಸಲಿಲ್ಲ. ಕೆಲಸಕ್ಕೆ ಮನಸ್ಸು ಹತ್ತೋಕೇ ನನಗೆ ಇಪ್ಪತ್ತು ನಿಮಿಷ ಬೇಕು, ಹತ್ತಿದ ಮೇಲೆ ಬೆಲ್ ಹೊಡೆದರೆ ಎಲ್ಲ ಹೋಯಿತು. ಅದಕ್ಕೇ ಮೊದಲ ಹೆಜ್ಜೆಯನ್ನು ತೀರಾ ಚಿಕ್ಕದು ಮಾಡಿಕೊಂಡೆ. 'ರಿಟರ್ನ್ ಹಾಕಬೇಕು' ಅಂತ ಚೀಟಿಯಲ್ಲಿ ಬರೆಯಲ್ಲ. 'ಮೊದಲ ಬಿಲ್ ಕೈಗೆ ತಗೋ' ಅಂತ ಬರೆಯುತ್ತೇನೆ. ಅಡುಗೆಮನೆಯಲ್ಲಿ ಮುಳ್ಳಿನ ಗಡಿಯಾರ ಹಾಕಿಸಿದೆ, ಯಾಕೆಂದರೆ 7.50 ಅನ್ನೋ ಅಂಕೆ ನನಗೆ ಏನೂ ಹೇಳಲ್ಲ, ಆದರೆ ಬಸ್ಸಿಗೆ ಇನ್ನೆಷ್ಟು ಹೊತ್ತು ಉಳಿದಿದೆ ಅನ್ನೋದು ಮುಳ್ಳಿನಲ್ಲಿ ಕಣ್ಣಿಗೆ ಕಾಣುತ್ತದೆ. ಬೀಗದ ಕೈ, ಕೊಡೆ, ಊಟದ ಚೀಲ ಬಾಗಿಲ ಪಕ್ಕದ ಮೊಳೆಗೇ. ಬೀರುವಿನೊಳಗೆ ಹೋದರೆ ಅದು ನನ್ನ ಪಾಲಿಗೆ ಇಲ್ಲ. ಡಾಕ್ಟರು ಕೊಟ್ಟ ಮಾತ್ರೆಯೂ ಸಹಾಯ ಮಾಡಿದೆ, ಆದರೆ ಯಾವ ಕೆಲಸ ಮೊದಲು ಅಂತ ಮಾತ್ರೆ ಹೇಳಲ್ಲ. ಅದಕ್ಕೆ ಚೀಟಿಯೇ ಬೇಕು. ಒಂದು ಉಪಾಯ ಮೂರು ತಿಂಗಳಿಗೆ ಹಳತಾಗಿ ಕೈಕೊಟ್ಟರೆ ಬೇರೆಯದನ್ನು ಹಿಡಿಯುತ್ತೇನೆ. ಹಾಗೆ ಬದಲಾಯಿಸೋದು ಸೋಲಲ್ಲ ಅಂತ ಅರ್ಥ ಮಾಡಿಕೊಳ್ಳೋಕೆ ನನಗೆ ತುಂಬಾ ವರ್ಷ ಬೇಕಾಯಿತು.

ಕೆಲಸ ಕೊಡುವವರಿಗೂ ಒಂದು ಮಾತು. ಈಗಿನ ಮಂಡಿಯಲ್ಲಿ ನಾನು ಕೇಳಿದ್ದು ಎರಡೇ. ಬಾಯಲ್ಲಿ ಹೇಳಿದ ಕೆಲಸವನ್ನು ವಾಟ್ಸ್ಆ್ಯಪ್‌ನಲ್ಲೂ ಒಂದು ಸಾಲು ಹಾಕಿ, ನನ್ನ ಮೇಜನ್ನು ತೂಕದ ಕಡೆಯಿಂದ ಒಳಗಿನ ಮೂಲೆಗೆ ಹಾಕಿ. ರಾಶಿ, ಬೆಟ್ಟೆ, ಗೊರಬಲು ಅಂತ ಬಗೆಬಗೆಯ ಅಡಿಕೆಯ ಚೀಲ ದಿನವಿಡೀ ಇಳಿಸುವ ಗಲಾಟೆಯಲ್ಲಿ ನನಗೆ ಒಂದು ಮೊತ್ತ ಕೂಡಿಸಲು ಆಗುತ್ತಿರಲಿಲ್ಲ. ಸಾಹುಕಾರರು ಏನೂ ಕೇಳದೆ ಮಾರನೇ ದಿನವೇ ಮೇಜು ಎತ್ತಿಸಿದರು. ಇದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಕಲಿಕೆಯ ನ್ಯೂನತೆಯೂ ಇದೆ. ಸರ್ಕಾರಿ ಸಂಸ್ಥೆಗಳು ಅಂಥ ನೌಕರರಿಗೆ ಬೇಕಾದ ಸಣ್ಣಪುಟ್ಟ ಹೊಂದಾಣಿಕೆ ಮಾಡಿಕೊಡಬೇಕು ಅಂತಲೂ ಅದರಲ್ಲಿದೆ. ಎಡಿಎಚ್‌ಡಿ ಹೆಸರು ಆ ಪಟ್ಟಿಯಲ್ಲಿಲ್ಲ. ಮಂಡಿ, ಅಂಗಡಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಸಾಹುಕಾರರ ಒಳ್ಳೆಯತನವೇ ಗತಿ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ನಿಮ್ಮಲ್ಲಿ ಒಂದು ವಿನಂತಿ. ಈ ಬಗ್ಗೆ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದೆಲ್ಲ ಮಕ್ಕಳ ಬಗ್ಗೆಯೇ. ಆ ಮಕ್ಕಳು ದೊಡ್ಡವರಾಗಿ ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಾರಲ್ಲ, ಅವರ ಬಗ್ಗೆ ಬರೆಸಿ. ಮಲೆನಾಡಿನ ಮನೋವೈದ್ಯರೊಬ್ಬರಿಂದ ಬರೆಸಿದರೆ ಇನ್ನೂ ಒಳ್ಳೆಯದು. ಜೊತೆಗೆ ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಹಾಕಿ. ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಯಾರಿಗೆ ತೋರಿಸಬೇಕು ಅಂತಲೂ ಗೊತ್ತಿಲ್ಲದವರು ಅಲ್ಲಿಂದಲಾದರೂ ಶುರು ಮಾಡಲಿ.

ಹೆಸರು ಹಾಕಬೇಡಿ. ನನಗೆ ನಾಚಿಕೆ ಏನಿಲ್ಲ, ಆದರೆ ಮಗ ಇನ್ನೂ ಊರಿನ ಶಾಲೆಗೇ ಹೋಗುತ್ತಿದ್ದಾನೆ. ಎಲ್ಲರಿಗೂ ಹೇಳಬೇಕಾ ಬೇಡವಾ ಅಂತ ಅವನೇ ದೊಡ್ಡವನಾದ ಮೇಲೆ ತೀರ್ಮಾನ ಮಾಡಲಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಮಂಡಗದ್ದೆ, ತೀರ್ಥಹಳ್ಳಿ ತಾಲ್ಲೂಕು