ತಮಟೆಯವರ ಹೆಸರೂ ಬರಲಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ‘ಮೆಚ್ಚಿನ ಡ್ರಮ್ಮರ್‌ಗಳು’ ಎಂದು ಓದುಗರು ಕಳಿಸಿದ ಹೆಸರುಗಳನ್ನು ಹಾಕಿದ್ದಿರಿ. ಮೂರು ಸಲ ಓದಿದೆ. ಒಬ್ಬರು ನಿಮಿಷಕ್ಕೆ ಎಷ್ಟು ಪೆಟ್ಟು ಎಂದು ಲೆಕ್ಕ ಹಾಕಿದ್ದರು. ಇನ್ನೊಬ್ಬರು ಸುತ್ತ ಎಷ್ಟು ಡ್ರಮ್ ಇಟ್ಟುಕೊಂಡು ಕೂರುತ್ತಾರೆ ಎಂದು ಎಣಿಸಿದ್ದರು. ಆ ಬಡಿತಕ್ಕೆ ಯಾರ ಕಾಲು ನಡೆಯಿತು ಎಂದು ಒಬ್ಬರೂ ಬರೆದಿರಲಿಲ್ಲ. ಅದಕ್ಕೇ ಈ ಕಾಗದ.

ನಾನು ಶಿಡ್ಲಘಟ್ಟ ತಾಲ್ಲೂಕಿನವಳು. ರೇಷ್ಮೆ ಹುಳ ಸಾಕುವುದು ನಮ್ಮ ಬದುಕು. ಯಾವ ವಾದ್ಯವೂ ನನಗೆ ಬಾರದು. ಆದರೆ 1988ರಲ್ಲಿ ಮದುವೆಯಾಗಿ ಈ ಊರಿಗೆ ಬಂದ ವರ್ಷದಿಂದ ಗಂಗಮ್ಮನ ಜಾತ್ರೆಯಲ್ಲಿ ತಂಬಿಟ್ಟಿನ ದೀಪ ಹೊರುತ್ತಿದ್ದೇನೆ. ಬಾಣಂತನ, ಸೂತಕ ಅಂತ ನಡುವೆ ನಾಲ್ಕೈದು ವರ್ಷ ತಪ್ಪಿರಬಹುದು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಅಕ್ಕಿ ಹಿಟ್ಟು ಬೆಲ್ಲ ಕಲಸಿ ಕಟ್ಟಿದ ದೀಪ, ಸುತ್ತ ಕನಕಾಂಬರ, ನಡುವಿನ ಗುಳಿಯಲ್ಲಿ ತುಪ್ಪದ ಬತ್ತಿ. ಮನೆಯಿಂದ ಗುಡಿಗೆ ಹೆಚ್ಚು ದೂರವಿಲ್ಲ. ಆದರೂ ಎರಡು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತೂ ಕತ್ತು ಬಗ್ಗಿಸುವಂತಿಲ್ಲ, ಕಾಲ ಕೆಳಗಿನ ನೆಲ ಕಾಣುವುದಿಲ್ಲ. ಮುಂದಿನ ಹೆಜ್ಜೆ ಯಾವಾಗ ಇಡಬೇಕು ಎಂಬುದನ್ನು ತಮಟೆಯೇ ಹೇಳಬೇಕು. ತಮಟೆಯವರು ನಮಗೆ ಮುಖ ಮಾಡಿ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೋಗುತ್ತಾರೆ, ನಾವು ಅವರ ಹಿಂದೆ. ಹೀಗೆ ಮೂವತ್ತು ವರ್ಷಕ್ಕೂ ಮೇಲೆ ನಡೆದು ನನ್ನ ಕತ್ತಿಗೆ ಒಂದು ಪಾಠ ಆಗಿದೆ. ಯಾರ ಕೈ ಒಳ್ಳೆಯದು ಎಂದು ಕಿವಿಗಿಂತ ಮೊದಲು ಅದಕ್ಕೆ ತಿಳಿಯುತ್ತದೆ.

ಮೊದಲ ವರ್ಷದ ಮಾತು ಹೇಳಲೇಬೇಕು. ಕೆರೆ ಕಟ್ಟೆಯ ಹತ್ತಿರ ಓಣಿ ತಿರುಗುವಲ್ಲಿ ಗಾಳಿ ಬೀಸಿತು. ನನ್ನ ತಂಬಿಟ್ಟು ಸ್ವಲ್ಪ ಅಳ್ಳಕವಾಗಿ ಕಲಸಿಹೋಗಿತ್ತು. ಬಿಸಿಗೆ ಕರಗಿ ಒಂದು ಕಡೆ ಜಾರಿ, ತುಪ್ಪ ಹಣೆಗೆ ಇಳಿಯತೊಡಗಿತು. ಎಡಗಾಲು ಎತ್ತಿದವಳು ಇಡಲಾರದೆ ನಿಂತುಬಿಟ್ಟೆ. ಹಿಂದೆ ಹದಿನಾರು ದೀಪ ಬರುತ್ತಿದ್ದವು. ಮುಂದೆ ನಿಂತ ತಮಟೆಯವರು ನನ್ನ ಕಾಲನ್ನು ನೋಡಿದರು, ಮುಖ ನೋಡಲಿಲ್ಲ. ಬಲಗೈಯ ದಪ್ಪ ಕೋಲಿನ ಪೆಟ್ಟನ್ನು ಪೂರ್ತಿ ಬಿಟ್ಟು, ಎಡಗೈಯ ತೆಳ್ಳನೆ ಕಡ್ಡಿಯಲ್ಲಿ ಮಾತ್ರ ಸಣ್ಣಗೆ ಮಳೆ ಹನಿಸಿದ ಹಾಗೆ ಬಡಿಯುತ್ತಾ ಉಳಿದರು. ಉಳಿದ ಐದು ತಮಟೆಗಳೂ ಕ್ಷಣದಲ್ಲಿ ಹಾಗೇ ತಗ್ಗಿದವು. ತಟ್ಟೆ ನೆಟ್ಟಗಾಯಿತು. ನನ್ನ ಉಸಿರು ಸರಿಯಾಗುವವರೆಗೆ ಕಾದು ಆಮೇಲೆ ಒಂದೇ ಒಂದು ದಪ್ಪ ಪೆಟ್ಟು ಕೊಟ್ಟರು. ನನ್ನ ಎಡಗಾಲು ತಾನಾಗಿ ನೆಲಕ್ಕೆ ಬಂತು. ನೋಡುತ್ತಿದ್ದ ಜನಕ್ಕೆ ಅಲ್ಲಿ ಏನಾದರೂ ನಡೆಯಿತು ಎಂದೇ ಗೊತ್ತಾಗಲಿಲ್ಲ.

ಆಗ ಅವರಿಗೆ ನಲವತ್ತರ ಹತ್ತಿರ. ಈಗ ಊರೆಲ್ಲ ತಾತ ಎನ್ನುತ್ತದೆ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಎಡಗೈಯ ಒಂದು ಬೆರಳು ಅರ್ಧ ಹೋಗಿದೆ. ಆ ಕಡ್ಡಿಗೆ ಬಟ್ಟೆ ಸುತ್ತಿ ಹಿಡಿಯುತ್ತಾರೆ.

ತಾತನ ಮೇಳದಲ್ಲಿ ನಾನು ಕಂಡ ಇನ್ನೊಂದು ವಿದ್ಯೆ ಚರ್ಮ ಕಾಯಿಸುವುದು. ರಾತ್ರಿಯ ಮಂಜಿಗೆ ಚರ್ಮ ಸಡಿಲಾಗುತ್ತದೆ. ದಾರಿಯ ಪಕ್ಕ ಒಣಹುಲ್ಲಿಗೆ ಬೆಂಕಿ ಹಾಕಿ ತಮಟೆ ಹಿಡಿದು, ಉಗುರಿನಲ್ಲಿ ತಟ್ಟಿ ನೋಡಿ, ಸಾಕು ಎನ್ನಿಸಿದಾಗ ತೆಗೆಯುತ್ತಾರೆ. ಹೆಚ್ಚು ಕಾದರೆ ಹರಿಯುತ್ತದೆ, ಕಡಿಮೆಯಾದರೆ ಒದ್ದೆ ಚೀಲ ಬಡಿದ ಹಾಗೆ. ಎಲ್ಲರೂ ಒಟ್ಟಿಗೆ ಬೆಂಕಿಯ ಹತ್ತಿರ ಹೋದರೆ ಮೆರವಣಿಗೆ ನಿಲ್ಲುತ್ತದೆ. ಆರು ಜನರಲ್ಲಿ ಇಬ್ಬಿಬ್ಬರಾಗಿ ಹೋಗಿ ಬರುತ್ತಾರೆ. ಹೋದವರ ಪೆಟ್ಟನ್ನು ಉಳಿದ ನಾಲ್ವರು ಹಂಚಿಕೊಳ್ಳುತ್ತಾರೆ. ದೀಪ ಹೊತ್ತ ನಮಗೆ ಯಾರು ಹೋದರು, ಯಾರು ಬಂದರು ಎಂದು ತಿಳಿಯುವುದೇ ಇಲ್ಲ. ಈಗ ಪ್ಲಾಸ್ಟಿಕ್ ಹಾಳೆಯ ತಮಟೆ ಬಂದಿದೆ. ಮಳೆಗೆ ಅನುಕೂಲ, ಚರ್ಮದ ಬೆಲೆಯೂ ಏರಿದೆ, ಹಾಗಾಗಿ ಅವರನ್ನು ದೂರುವುದಿಲ್ಲ. ಆದರೆ ಅದರ ದನಿ ಎದೆಗೆ ಬಂದು ನಿಲ್ಲುವುದಿಲ್ಲ.

ಇನ್ನು ಬರೆಯಲು ನಾಚಿಕೆಯಾಗುವ ಸಂಗತಿ. ನಾನು ಬಂದ ಕಾಲದಲ್ಲಿ ತಮಟೆ ಗುಡಿಯ ಕಾಂಪೌಂಡಿನ ಹೊರಗೆ ಬೇವಿನ ಮರದ ಹತ್ತಿರ ನಿಲ್ಲುತ್ತಿತ್ತು. ಒಳಗೆ ದೀಪ ಹೊತ್ತು ಮೂರು ಸುತ್ತು ಬರುವವರು ನಾವು ಮಾತ್ರ. ಹೊರಗೆ ನಿಂತವರಿಗೆ ನಾವು ಕಾಣುತ್ತಿರಲಿಲ್ಲ. ಆದರೂ ಮೊದಲ ಸುತ್ತಿಗೆ ಒಂದು ನಡೆ, ಗುಡಿಯ ಹಿಂದಿನ ಇಕ್ಕಟ್ಟಿನಲ್ಲಿ ನಿಧಾನ, ಮೂರನೆಯ ಸುತ್ತು ಮುಗಿಯುವಾಗ ಏರು. ಒಂದು ವರ್ಷವೂ ತಪ್ಪಿದ್ದಿಲ್ಲ. ಅದು ಹೇಗೆ ಎಂದು ಬಹಳ ವರ್ಷದ ಮೇಲೆ ಕೇಳಿದೆ.

“ನಿಮ್ಮ ಕಾಲುಂಗುರ, ಬಳೆ ಸದ್ದು ಗೋಡೆ ದಾಟಿ ಬರ್ತದಮ್ಮಣ್ಣಿ. ಹದಿನೇಳು ಜನದ್ದು ಒಟ್ಗೆ ಬಿದ್ರೆ ಹೆಜ್ಜೆ ಸರಿ ಐತೆ ಅಂತ. ಚೆಲ್ಲಾಪಿಲ್ಲಿ ಬಿದ್ರೆ ನಾನು ತಗ್ಗಿಸ್ತಿದ್ದೆ” ಎಂದರು.

ತಮಟೆಯ ಸದ್ದಿನ ನಡುವೆ ನಿಂತು ಬಳೆಯ ಸದ್ದು ಕೇಳಿಸಿಕೊಂಡವರು ಅವರು. ಅದೇ ಕೈ ಬೆಳಿಗ್ಗೆ ಸಾವಿನ ಮನೆಯ ಮುಂದೆ ಬೇರೆ ಏಟು ಬಾರಿಸುತ್ತಿತ್ತು. ಸಂಬಳ ಎಂದರೆ ಸುಗ್ಗಿಯಲ್ಲಿ ಒಂದಿಷ್ಟು ರಾಗಿ, ಅದೂ ಕಣದ ಅಂಚಿನಲ್ಲಿ ಬೇರೆಯಾಗಿ ಸುರಿದದ್ದು. ಈಗ ಮೇಳ ಗುಡಿಯ ಅಂಗಳದವರೆಗೆ ಬರುತ್ತದೆ. ಇಷ್ಟಾಗಲು ಎಷ್ಟು ವರ್ಷ ಬೇಕಾಯಿತು, ಅಷ್ಟು ದಿನ ನಾವು ಹೆಂಗಸರೂ ಬಾಯಿ ಬಿಡಲಿಲ್ಲ.

ನಮ್ಮ ತಾಲ್ಲೂಕಿನವರೇ ಆದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗಾಗಿ. ಅದಕ್ಕೆ ಮುಂಚೆಯೇ ನಾಡೋಜ ಆಗಿದ್ದವರು. ಆ ದಿನ ತಾತನಿಗೆ ನಾನೇ ಟಿವಿ ತೋರಿಸಿದೆ. ನಡುಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿದ್ದೆ. ನನ್ನ ಅತ್ತೆ ಇದ್ದಿದ್ದರೆ ಅದು ಆಗುತ್ತಿರಲಿಲ್ಲ. ತಾತ ಏನೂ ಮಾತಾಡಲಿಲ್ಲ, ಎರಡೂ ಕೈಯ ಬೆರಳು ಮಾತ್ರ ಮಂಡಿಯ ಮೇಲೆ ಆಡುತ್ತಿದ್ದವು. ನಿಮ್ಮ ಪುರವಣಿಯ ಪಟ್ಟಿಯಲ್ಲಿ ಮುನಿವೆಂಕಟಪ್ಪನವರ ಹೆಸರೂ ಇರಲಿಲ್ಲ, ಸಂಪಾದಕರೇ.

ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಡ್ರಮ್ ಎಂದರೆ ಅವಳಿಗೆ ಪ್ರಾಣ. ಅವಳು ಕಳಿಸುವ ವಿಡಿಯೊಗಳನ್ನು ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೆ, ರಾತ್ರಿ ಸೊಪ್ಪು ಹಾಕುತ್ತಾ ಕೇಳುತ್ತೇನೆ. ಎಲ್ಲರಿಗೂ ನನ್ನದು ಒಂದೇ ಪರೀಕ್ಷೆ. ಈ ಕೈಯ ಹಿಂದೆ ನಾನು ದೀಪ ಹೊತ್ತು ನಡೆಯಬಲ್ಲೆನೇ?

ಮೃದಂಗದ ಪಾಲಕ್ಕಾಡ್ ಮಣಿ ಅಯ್ಯರ್ ಅವರ ಹಿಂದೆ ಕಣ್ಣು ಮುಚ್ಚಿ ನಡೆಯುತ್ತೇನೆ. 1981ರಲ್ಲೇ ತೀರಿಕೊಂಡವರು, ಕಛೇರಿಗೆ ಮೈಕ್ ಬೇಡವೆಂದು ಹಟ ಹಿಡಿದವರು. ಚೆಂಬೈ ಅವರ ಹಾಡಿಗೆ ನುಡಿಸಿದ ಹಳೆಯ ಧ್ವನಿಮುದ್ರಣ ಗರಗರ ಎನ್ನುತ್ತದೆ. ಆದರೂ ಹಾಡುವವರು ಉಸಿರು ತೆಗೆದುಕೊಳ್ಳುವ ಕಡೆ ಮೃದಂಗವೂ ಸುಮ್ಮನಾಗುವುದು ಕೇಳಿಸುತ್ತದೆ. ಅವರ ಸಮಕಾಲೀನರಾದ ಪಳನಿ ಸುಬ್ರಮಣ್ಯ ಪಿಳ್ಳೆಯವರು ಎಡಗೈಯವರು. ಎಲ್ಲರಿಗಿಂತ ತಿರುವುಮುರುವಾಗಿ ಮೃದಂಗ ಇಟ್ಟುಕೊಳ್ಳಬೇಕಾದ್ದರಿಂದ ವೇದಿಕೆಯಲ್ಲಿ ಎಲ್ಲಿ ಕೂರುವುದು ಎಂಬುದೇ ತಕರಾರಾಗುತ್ತಿತ್ತಂತೆ. ಎಲ್ಲಿ ನಿಲ್ಲುವುದು ಎಂಬ ತಕರಾರು ನಮ್ಮ ತಾತನಿಗೂ ಗೊತ್ತು, ಕಾರಣ ಬೇರೆ ಅಷ್ಟೆ.

2024ರ ಡಿಸೆಂಬರ್‌ನಲ್ಲಿ ತೀರಿಕೊಂಡ ಜಾಕಿರ್ ಹುಸೇನರ ವೇಗವನ್ನು ಎಲ್ಲರೂ ಹೊಗಳುತ್ತಾರೆ. ಬಿರ್ಜು ಮಹಾರಾಜರ ಕಥಕ್‌ಗೆ ಅವರು ತಬಲಾ ನುಡಿಸುವುದನ್ನು ನೋಡಿ. ಕಣ್ಣೆಲ್ಲ ಗೆಜ್ಜೆ ಕಟ್ಟಿದ ಕಾಲಿನ ಮೇಲೆ. ನೋಡಿದ ತಕ್ಷಣ ನನಗೆ ಕೆರೆ ಕಟ್ಟೆಯ ಓಣಿ ನೆನಪಾಯಿತು.

ಇಂಗ್ಲೆಂಡಿನ ಬೀಟಲ್ಸ್ ತಂಡದ ಡ್ರಮ್ಮರ್ ರಿಂಗೊ ಸ್ಟಾರ್ ಕೂಡ ನನಗೆ ಒಪ್ಪಿಗೆ. ಚಿಕ್ಕಂದಿನಲ್ಲಿ ಕ್ಷಯ ಬಂದು ಬಹಳ ಕಾಲ ಆಸ್ಪತ್ರೆಯಲ್ಲಿದ್ದು, ಅಲ್ಲಿನ ಮಕ್ಕಳ ಜೊತೆ ಬಡಿಯುತ್ತಾ ಕಲಿತ ಹುಡುಗ ಅವರು. ಎಡಚರಾಗಿದ್ದೂ ಬಲಗೈಯವರಿಗೆ ಜೋಡಿಸಿದ ಡ್ರಮ್ಮನ್ನೇ ನುಡಿಸಿದರು. ಹಾಡು ಮುಂದೆ, ತಾನು ಹಿಂದೆ. 2021ರಲ್ಲಿ ಹೋದ, ರೋಲಿಂಗ್ ಸ್ಟೋನ್ಸ್ ತಂಡದ ಚಾರ್ಲಿ ವಾಟ್ಸ್ ಅವರದು ಇನ್ನೂ ಸೊಗಸು. ಎಡಗೈ ಪೆಟ್ಟು ಬೀಳುವಾಗ ತಾಳದ ತಟ್ಟೆಯ ಮೇಲಿನ ಬಲಗೈಯನ್ನು ಎತ್ತಿಬಿಡುತ್ತಾರೆ, ಒಂದು ಪೆಟ್ಟು ಬೇಕೆಂದೇ ಬಿಡುತ್ತಾರೆ. ಕಾಲಿಡಲು ಜಾಗ ಸಿಗುವುದು ಆ ಬಿಟ್ಟ ಪೆಟ್ಟಿನಲ್ಲಿ. ಡೆಫ್ ಲೆಪರ್ಡ್ ತಂಡದ ರಿಕ್ ಆ್ಯಲನ್ ಎನ್ನುವವರು 1984ರ ಕೊನೆಯ ದಿನ ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡರು. ಆ ಕೈ ಬಾರಿಸುತ್ತಿದ್ದದ್ದನ್ನು ಎಡಗಾಲಿಗೆ ಕಲಿಸಿ ಮತ್ತೆ ಅದೇ ತಂಡದಲ್ಲಿ ಕೂತರು. ಇದನ್ನು ತಾತನಿಗೆ ಹೇಳಿದಾಗ ಬಟ್ಟೆ ಸುತ್ತಿದ ತಮ್ಮ ಕಡ್ಡಿಯನ್ನೊಮ್ಮೆ ನೋಡಿಕೊಂಡರು.

ಅಮೆರಿಕದ ಜಾಝ್ ಡ್ರಮ್ಮರ್ ಬಡ್ಡಿ ರಿಚ್ ವಿಷಯದಲ್ಲಿ ಮಗಳಿಗೂ ನನಗೂ ಜಗಳ. ಅವರ ಕೈ ಕಂಡು ನಾನೂ ಬೆರಗಾದೆ, ಅಂಥ ವೇಗ ಎಲ್ಲೂ ನೋಡಿಲ್ಲ. ಆದರೆ ಅವರೊಬ್ಬರೇ ಬಾರಿಸತೊಡಗಿದರೆ ನಾನು ನಿಂತು ನೋಡಬೇಕೇ ಹೊರತು ನಡೆಯಲಾರೆ. “ಅಮ್ಮಾ, ಎಲ್ಲ ಸಂಗೀತಾನೂ ನಡೆಯೋಕೇ ಇರಬೇಕಾ?” ಎನ್ನುತ್ತಾಳೆ. ಅವಳದೂ ನ್ಯಾಯವೇ. ನನ್ನ ಕತ್ತು ಒಪ್ಪುತ್ತಿಲ್ಲ.

ಕಣ್ಣಾರೆ ಕಂಡದ್ದು ಒಂದು ಹೇಳಿ ಮುಂದೆ ಹೋಗುತ್ತೇನೆ. ಗುರುಪೂರ್ಣಿಮೆಗೆ ಕೈವಾರದಲ್ಲಿ ನಡೆಯುವ ಸಂಗೀತೋತ್ಸವಕ್ಕೆ ನಮ್ಮ ಕಡೆಯ ಹಳ್ಳಿಗಳ ಭಜನೆ ತಂಡಗಳೆಲ್ಲ ಹೋಗುತ್ತವೆ. ಹಗಲು ರಾತ್ರಿ ಕೈವಾರದ ಯೋಗಿ ನಾರೇಯಣ ತಾತಯ್ಯನವರ ತತ್ವಪದಗಳು. ಒಂದು ಸಲ ನಡುರಾತ್ರಿ ಕಳೆದಿತ್ತು. ನನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬರು ಹಾಡಲು ಕೂತು, ಎರಡನೇ ಚರಣದಲ್ಲಿ ಒಂದು ಎಣಿಕೆ ಮುಂಚೆಯೇ ಎತ್ತಿಕೊಂಡುಬಿಟ್ಟರು. ಮೃದಂಗದ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ಮೂರು ಇರಬೇಕು. ತಲೆ ಎತ್ತಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ಸರಿಯಾದ ತಾಳದಲ್ಲಿ ತಾನು ಬಾರಿಸಿದ್ದರೆ ಆಕೆಯ ತಪ್ಪು ಸಾವಿರ ಜನಕ್ಕೆ ತಿಳಿಯುತ್ತಿತ್ತು. ಅವನು ತನ್ನ ಆವರ್ತವನ್ನೇ ಒಂದೆಣಿಕೆ ಮೊಟಕು ಮಾಡಿ ಆಕೆಯ ಜೊತೆ ಸೇರಿಕೊಂಡ. ಆಕೆ ಕೊನೆಯವರೆಗೂ ನೆಮ್ಮದಿಯಾಗಿ ಹಾಡಿ ಎದ್ದುಹೋದರು. ಅವನ ಹೆಸರು ನಾನು ಕೇಳಲಿಲ್ಲ. ಆ ತಪ್ಪು ಇವತ್ತಿಗೂ ಕಾಡುತ್ತದೆ.

ಹೆಣ್ಣುಮಕ್ಕಳ ಮಾತೂ ಇದೆ. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಘಟ ನುಡಿಸುತ್ತಾರೆ. ಹೆಂಗಸಿನ ಜೊತೆ ನುಡಿಸಲಾರೆವು ಎಂದವರ ಮುಂದೆಯೇ ನುಡಿಸುತ್ತಾ ಬಂದವರು. ಅವರನ್ನು ನೋಡಿದ ಮೇಲೆ ಒಂದು ಸಂಜೆ ತಾತನ ಅಂಗಳಕ್ಕೆ ಹೋಗಿ ತಮಟೆ ಎತ್ತಿಕೊಂಡೆ. ಕಡ್ಡಿ ಹಿಡಿದ ಎಡಗೈಗೆ ಐದು ನಿಮಿಷಕ್ಕೇ ನೋವು ಬಂತು. ದೀಪ ಹೊರುವುದು ಎಷ್ಟು ಸುಲಭ ಎಂದು ಅವತ್ತು ತಿಳಿಯಿತು.

ಈಗ ನನ್ನ ತಕರಾರು. ಹೋದ ವರ್ಷ ನಮ್ಮೂರ ಜಾತ್ರೆಗೆ ಸಮಿತಿಯವರು ಡಿಜೆ ಗಾಡಿ ಮತ್ತು ನಾಸಿಕ್ ಡೋಲ್ ತರಿಸಿದರು. ಡೋಲಿನ ಹುಡುಗರು ಚೆನ್ನಾಗಿಯೇ ಬಾರಿಸಿದರು, ಅವರ ಮೇಲೆ ಸಿಟ್ಟಿಲ್ಲ. ಆದರೆ ಅವರು ನೋಡುತ್ತಿದ್ದದ್ದು ಮೊಬೈಲ್ ಹಿಡಿದ ಜನರನ್ನು. ನಮ್ಮ ಕಾಲನ್ನು ನೋಡುವವರು ಯಾರೂ ಇರಲಿಲ್ಲ. ಹದಿಮೂರು ದೀಪದಲ್ಲಿ ನಾಲ್ಕು ದಾರಿಯಲ್ಲೇ ಆರಿದವು. ಹೊಸದಾಗಿ ಬಂದ ಸೊಸೆಯೊಬ್ಬಳು ಕೆರೆ ಕಟ್ಟೆಯ ಅದೇ ತಿರುವಿನಲ್ಲಿ ತಟ್ಟೆ ಇಳಿಸಿ ಅತ್ತಳು. ತಾತನ ಮೇಳವನ್ನು ಆ ವರ್ಷ ಕರೆದದ್ದು ಎರಡು ಸಾವಿಗೆ ಮಾತ್ರ. ಈ ಸಲ ನಾವು ಹೆಂಗಸರೆಲ್ಲ ಸೇರಿ, ತಮಟೆ ಬರದಿದ್ದರೆ ದೀಪ ಹೊರುವುದಿಲ್ಲ ಎಂದೆವು. ಸಮಿತಿ ಒಪ್ಪಿದೆ. ಮೇಳಕ್ಕೆ ಡಿಜೆಗೆ ಕೊಟ್ಟಷ್ಟೇ ದುಡ್ಡು ಕೊಡಬೇಕು ಎಂದದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ನಿಮ್ಮಲ್ಲಿಯೂ ಒಂದು ಕೇಳಿಕೆ. ಪ್ರತಿ ಜಾತ್ರೆಯ ಸುದ್ದಿಯಲ್ಲಿ ‘ತಮಟೆ ವಾದ್ಯಗಳೊಂದಿಗೆ ಮೆರವಣಿಗೆ ನಡೆಯಿತು’ ಎಂದು ಬರೆಯುತ್ತೀರಿ. ಸಮಿತಿಯ ಅಧ್ಯಕ್ಷರಿಂದ ಹಿಡಿದು ಪ್ರಸಾದ ಹಂಚಿದವರವರೆಗೆ ಹೆಸರುಗಳಿರುತ್ತವೆ. ಫೋಟೊದಲ್ಲಿ ನಾವು ದೀಪ ಹೊತ್ತವರು ನಡುವೆ. ಅಂಚಿನಲ್ಲಿ ಒಂದು ತೋಳು, ಅರ್ಧ ತಮಟೆ ಕತ್ತರಿಸಿಹೋಗಿರುತ್ತದೆ. ನನ್ನ ಬಳಿ ಹಾಗಿರುವ ಒಂಬತ್ತು ಕತ್ತರಿಕೆಗಳಿವೆ. ಒಂದರಲ್ಲಿಯೂ ಬಾರಿಸಿದವರ ಹೆಸರಿಲ್ಲ.

ಈ ಕಾಗದ ಬರೆಯುವ ಮುಂಚೆ ಹೋಗಿ ಕೇಳಿದೆ. “ತಾತ, ನಿಮ್ಮ ಹೆಸರು ಬರೀಲಾ?”

“ನನ್ನೊಬ್ಬಂದೇ ಯಾಕಮ್ಮಣ್ಣಿ? ಮಿಕ್ಕಿದ ಐದು ಜನ ಏನು ಮಾಡ್ತಿದ್ರು ಅಂತ ಕೇಳಲ್ವಾ ಜನ? ಬರೆದ್ರೆ ಆರೂ ಜನದ್ದು ಬರಿ. ಅದೂ ಬಾರಿಸಿದ ಮೇಲೆ ಹಾಕ್ಲಿ, ಮುಂಚೆ ಬ್ಯಾಡ.”

ಅದಕ್ಕೆ ಈ ಕಾಗದದಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಆರೂ ಜನರ ಹೆಸರು, ಯಾರು ಎಡತುದಿ ಯಾರು ಬಲತುದಿ ಎನ್ನುವುದನ್ನು ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಲಗತ್ತಿಸಿದ್ದೇನೆ. ಯುಗಾದಿ ಕಳೆದ ಎರಡನೇ ಮಂಗಳವಾರ ನಮ್ಮ ದೀಪ. ನಿಮ್ಮ ವರದಿಗಾರರು ಬಂದರೆ ಓಣಿಯ ತಿರುವಿನಲ್ಲಿ ನಮ್ಮ ಬೆನ್ನ ಹಿಂದೆ ನಿಂತು ಫೋಟೊ ತೆಗೆಯಲಿ. ಅಲ್ಲಿಂದ ಆರೂ ಜನರ ಮುಖ ಕಾಣುತ್ತದೆ.

ಇಂತಿ,
ದೀಪ ಹೊರುವ ಒಬ್ಬ ರೇಷ್ಮೆ ಬೆಳೆಗಾರ್ತಿ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ