ಶೆಡ್ಡಿನ ಹಿಂದಿನ ಮಣ್ಣು: ಮಕ್ಕಳಿರುವ ಮನೆಯವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿನ ಹಿಂದೆ ಹಳೇ ಬ್ಯಾಟರಿ ಒಡೆದು ಸುರಿದಿದ್ದ ಜಾಗಕ್ಕೆ ಈ ಭಾನುವಾರ ಬೆಳಗ್ಗೆ 8ಕ್ಕೆ ಬೇಲಿ ಹಾಕುತ್ತಿದ್ದೇವೆ. ಬ್ಯಾಟರಿಯೊಳಗಿನ ಸೀಸ ಅಲ್ಲಿನ ಮಣ್ಣಿಗೆ ಸೇರಿದೆ, ಅದು ಮಕ್ಕಳಿಗೆ ವಿಷ. ಲೈನ್ ಮನೆಗಳ (ತೋಟದ ಕೆಲಸಗಾರರ ಸಾಲು ಮನೆಗಳ) ಮಕ್ಕಳನ್ನು ಇವತ್ತಿನಿಂದಲೇ ಆ ಕಡೆ ಬಿಡಬೇಡಿ.

"ಮಕ್ಕಳ ಹೊಟ್ಟೆಗೆ ಹೋದರೂ ಮಣ್ಣು ತಾನೇ, ಕಕ್ಕಸಲ್ಲಿ ಹೋಗುತ್ತೆ ಬಿಡಿ" ಅಂತ ನಿನ್ನೆ ಒಬ್ಬರು ಅಂದರು. ಪೂರ್ತಿ ಹೋಗಲ್ಲ. ಹೊಟ್ಟೆಯ ಆಮ್ಲ ಮಣ್ಣಿಗಂಟಿದ ಸೀಸವನ್ನು ಕರಗಿಸುತ್ತೆ. ಕರಗಿದ್ದು ಸಣ್ಣ ಕರುಳಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ರಕ್ತ ಸೇರುತ್ತೆ. ದೊಡ್ಡವರಿಗಿಂತ ಪುಟ್ಟ ಮಕ್ಕಳ ಕರುಳು ಎಷ್ಟೋ ಪಾಲು ಹೆಚ್ಚು ಹೀರುತ್ತೆ. ಹಸಿದ ಹೊಟ್ಟೆ, ರಕ್ತಹೀನತೆ ಇದ್ದರೆ ಇನ್ನೂ ಜಾಸ್ತಿ. ನಮ್ಮ ಪಾಪು ಮೊನ್ನೆ ಅಲ್ಲೇ ಆಟದಡುಗೆ ಮಾಡಿ, ಅದೇ ಕೈಲಿ ಕಿತ್ತಳೆ ತೊಳೆ ಬಾಯಿಗಿಟ್ಟ. ಉಗುರಿನ ಸಂದಿಯೆಲ್ಲ ಕಪ್ಪು!

ಬೆಳಗ್ಗೆ ರೊಟ್ಟಿಯೋ ಕಡುಬೋ ತಿನ್ನಿಸಿಯೇ ಆಟಕ್ಕೆ ಬಿಡಿ. ಕೈ ಸೋಪು ಹಚ್ಚಿ ತೊಳೆಸಿ, ಸ್ಯಾನಿಟೈಸರ್‌ಗೆ ಸೀಸ ಹೋಗಲ್ಲ. ಚಪ್ಪಲಿ, ಗಂಬೂಟು ಹೊರಗೇ ಇರಲಿ. ನೆಲ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಭಾನುವಾರ ಬರುವವರು ಕತ್ತಿ, ಬಿದಿರು ತನ್ನಿ. ಗುದ್ದಲಿ ಬೇಡ, ಅಗೆದರೆ ಧೂಳೇಳುತ್ತೆ. ಅಲ್ಲಿ ಆಡುತ್ತಿದ್ದ 6 ವರ್ಷದೊಳಗಿನ ಮಕ್ಕಳು ನಿಮ್ಮ ಮನೆಯಲ್ಲಿ ಎಷ್ಟು ಅಂತ ಶನಿವಾರ ಸಂಜೆಯೊಳಗೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ. ರಕ್ತ ಪರೀಕ್ಷೆ ಬಗ್ಗೆ ಡಾಕ್ಟರ ಹತ್ತಿರ ಒಟ್ಟಿಗೇ ಕೇಳೋಣ.